ಹಸಿ ಸುಳ್ಳು ಯಾಕೆ ಹಸಿ?

ಪ್ರಶ್ನೆ: ನಾಲ್ಕನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಪರೀಕ್ಷೆಯಲ್ಲಿ ‘ಹಸಿ’ ಪದದ ವಿರುದ್ಧಾರ್ಥಕ ಬರೆಯಲು ಹೇಳಿದ್ದರು. ಅವಳು ‘ಬೆಂದದ್ದು’ ಎಂದು ಬರೆದಳು. ಟೀಚರ್ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಒಣ’ ಎಂದು ಬರೆದು ಸೊನ್ನೆ ಕೊಟ್ಟಿದ್ದಾರೆ. ಅವತ್ತಿನಿಂದ ಮನೆಯಲ್ಲಿ ಪ್ರಶ್ನೆಗಳ ಮಳೆ. ಹಸಿ ಅಂದರೆ ಒದ್ದೆಯಾ, ಬೇಯದ್ದಾ? ‘ಹಸಿ ಸುಳ್ಳು’ ಅಂತಾರಲ್ಲ, ಸುಳ್ಳು ಹೇಗೆ ಹಸಿ ಆಗುತ್ತೆ? ಹಸಿರು, ಹಸಿವು, ಹಸು ಎಲ್ಲ ಇದರಿಂದಲೇ ಬಂದವಾ? ನನಗೆ ಗೊತ್ತಿರುವುದು ಒಂದೆರಡು ದಿನಕ್ಕೆ ಸಾಕಾಯಿತು. ಮುಂದಕ್ಕೆ ನೀವೇ ಹೇಳಬೇಕು.

ಉತ್ತರ: ಮೊದಲು ಅಂಕದ ವಿಚಾರ ಮುಗಿಸೋಣ. ನಿಮ್ಮ ಮಗಳು ಬರೆದದ್ದು ಸರಿ, ಟೀಚರ್ ಬರೆದದ್ದೂ ಸರಿ. ತಪ್ಪಿರುವುದು ಪ್ರಶ್ನೆಯಲ್ಲಿ. ‘ಹಸಿ’ಯನ್ನು ಒಂಟಿಯಾಗಿ ನಿಲ್ಲಿಸಿ ಅದರ ಎದುರಾಳಿ ಯಾರು ಎಂದು ಕೇಳುವ ಹಾಗಿಲ್ಲ. ಪಕ್ಕದಲ್ಲಿ ಯಾವ ಪದ ಬಂದು ಕೂರುತ್ತದೋ ಅದನ್ನು ನೋಡಿಯೇ ಎದುರಾಳಿಯನ್ನು ಆರಿಸಬೇಕು. ಹಸಿ ಶುಂಠಿಗೆ ಒಣ ಶುಂಠಿ, ಹಸಿ ತರಕಾರಿಗೆ ಬೆಂದ ತರಕಾರಿ, ಹಸಿ ಹಾಲಿಗೆ ಕಾಯಿಸಿದ ಹಾಲು, ಹಸಿ ಇಟ್ಟಿಗೆಗೆ ಸುಟ್ಟ ಇಟ್ಟಿಗೆ, ಹಸಿ ಗಾಯಕ್ಕೆ ಮಾಯ್ದ ಗಾಯ, ಹಸಿ ತೊಗಲಿಗೆ ಹದ ಮಾಡಿದ ತೊಗಲು. ಆರು ಹಸಿಗಳು, ಆರು ವಿರುದ್ಧಾರ್ಥಕಗಳು.

ಹಸಿ ಎಂದರೆ ಒದ್ದೆ ಎಂದು ಹೇಳುವವರಿಗೆ ನಾನು ಹಾಲನ್ನೇ ತೋರಿಸುತ್ತೇನೆ. ಹಾಲು ಯಾವಾಗಲೂ ದ್ರವವೇ. ಕಾಯಿಸುವ ಮೊದಲೂ ಒದ್ದೆ, ಕಾಯಿಸಿದ ಮೇಲೂ ಒದ್ದೆ. ಆದರೆ ಒಲೆಯಿಂದ ಇಳಿದ ಮೇಲೆ ಅದನ್ನು ಹಸಿ ಹಾಲು ಅನ್ನುವವರಿಲ್ಲ. ಇದರ ತದ್ವಿರುದ್ಧ ಅಕ್ಕಿ. ವರ್ಷ ಕಳೆದ, ಮುಷ್ಟಿಯಲ್ಲಿ ಹಿಡಿದರೆ ಸಳಸಳ ಜಾರುವ ಒಣ ಅಕ್ಕಿ. ಅದನ್ನು ಬಾಯಿಗೆ ಹಾಕಿಕೊಂಡ ಮಗುವಿಗೆ ‘ಹಸಿ ಅಕ್ಕಿ ತಿನ್ನಬೇಡ’ ಎಂದು ಗದರುತ್ತೇವೆ. ಇನ್ನು ನೀರು. ನೀರಿಗಿಂತ ಒದ್ದೆಯಾದ ವಸ್ತು ಬೇರೆ ಯಾವುದಿದೆ? ಆದರೂ ಯಾರಾದರೂ ‘ಹಸಿ ನೀರು’ ಎಂದರೆ ಕಾಯಿಸದ ನೀರು ಎಂದೇ ಅರ್ಥ ಮಾಡಿಕೊಳ್ಳುತ್ತೇವೆ, ಒದ್ದೆ ನೀರು ಎಂದಲ್ಲ.

ಇಟ್ಟಿಗೆಯದು ಇನ್ನೂ ಚೆಂದದ ಉದಾಹರಣೆ. ಅಚ್ಚಿನಿಂದ ತೆಗೆದು ಬಿಸಿಲಿಗೆ ಸಾಲಾಗಿ ಇಟ್ಟ ಇಟ್ಟಿಗೆ ನಾಲ್ಕಾರು ದಿನಕ್ಕೆ ಚೆನ್ನಾಗಿ ಒಣಗುತ್ತದೆ, ತಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಗೂಡಿಗೆ ಹೋಗುವವರೆಗೆ ಅದು ಹಸಿ ಇಟ್ಟಿಗೆಯೇ. ‘ಹಸಿ ಇಟ್ಟಿಗೆ ಚೆನ್ನಾಗಿ ಒಣಗಿದೆ’ ಎಂಬ ವಾಕ್ಯದಲ್ಲಿ ಯಾವ ತಪ್ಪೂ ಇಲ್ಲ, ಇಟ್ಟಿಗೆ ಕೆಲಸದವರಿಗಂತೂ ದಿನದ ಮಾತು. ಯಾಕೆ ಹಸಿ ಎಂದು ಅನುಮಾನವಿದ್ದರೆ ಒಂದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಮರುದಿನ ನೋಡಿ. ಇಟ್ಟಿಗೆ ಇರುವುದಿಲ್ಲ, ತಳದಲ್ಲಿ ಕೆಸರಿರುತ್ತದೆ. ಸುಟ್ಟದ್ದನ್ನು ಮುಳುಗಿಸಿದರೆ ನೀರು ಕುಡಿಯುತ್ತದೆ ಅಷ್ಟೇ, ಆಕಾರ ಬಿಡುವುದಿಲ್ಲ. ಬಿಸಿಲು ತೆಗೆಯುವುದು ಮಣ್ಣಿನ ಕಣಗಳ ನಡುವೆ ನಿಂತ ನೀರನ್ನು ಮಾತ್ರ. ಕಣದ ಒಳಗೇ ರಾಸಾಯನಿಕವಾಗಿ ಬೆಸೆದುಕೊಂಡ ನೀರು ಹೋಗಬೇಕಾದರೆ 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಆಮೇಲೆ ಮಣ್ಣು ಹಿಂದಿರುಗಿ ಮಣ್ಣಾಗುವುದಿಲ್ಲ. ಈ ರಸಾಯನಶಾಸ್ತ್ರ ಗೊತ್ತಾಗುವ ಎಷ್ಟೋ ಮೊದಲೇ ಕುಂಬಾರರು ಎರಡು ಬಗೆಯ ಒಣಗುವಿಕೆಯನ್ನು ಎರಡು ಮಾತಿನಲ್ಲಿ ಬೇರೆ ಮಾಡಿಟ್ಟಿದ್ದರು: ಒಣಗಿದ್ದು ಬೇರೆ, ಹಸಿತನ ಕಳೆದದ್ದು ಬೇರೆ.

ಕಟ್ಟಿಗೆಯಲ್ಲಿ ‘ಒದ್ದೆ’ ಮತ್ತು ‘ಹಸಿ’ ನಡುವಿನ ಗೆರೆ ಇನ್ನೂ ಸ್ಪಷ್ಟ. ಮಳೆಗೆ ಸಿಕ್ಕ ಒಣ ಸೌದೆ ಒದ್ದೆ ಸೌದೆ. ಕಡುಬೇಸಿಗೆಯಲ್ಲಿ, ಒಂದು ಹನಿ ಮಳೆ ಇಲ್ಲದಾಗ ಕಡಿದ ಮರ ಹಸಿ ಸೌದೆ. ಒದ್ದೆ ಹೊರಗಿನಿಂದ ಬಂದದ್ದು, ಹಸಿ ಒಳಗಿನದು. ಈಗಷ್ಟೇ ಕಡಿದ ಮರದಲ್ಲಿ, ಅದರ ಒಣ ತೂಕದ ಅರ್ಧಕ್ಕಿಂತ ಹೆಚ್ಚು ನೀರಿರುವುದು ಸಾಮಾನ್ಯ. ಕೆಲವು ಹಗುರ ಮರಗಳಲ್ಲಿ ನೀರಿನ ತೂಕ ಮರದ ತೂಕವನ್ನೇ ಮೀರುತ್ತದೆ. ಆ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಟೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಟೊಳ್ಳಿನದು ಮೊದಲು ಹೋಗುತ್ತದೆ, ಮರ ಹಗುರಾಗುತ್ತದೆ, ಆಕಾರ ಕದಲುವುದಿಲ್ಲ. ತೇವ ಸುಮಾರು 30 ಪ್ರತಿಶತಕ್ಕೆ ಇಳಿದ ಮೇಲೆ ಗೋಡೆಯ ನೀರು ಬಿಡತೊಡಗುತ್ತದೆ. ಮರ ಕುಗ್ಗುವುದು, ಸೀಳುವುದು, ತಿರುಚಿಕೊಳ್ಳುವುದು ಆಗಲೇ. ಒದ್ದೆ ಸೌದೆ ಎರಡು ಬಿಸಿಲಿಗೆ ಸರಿಹೋಗುತ್ತದೆ, ಹಸಿ ಮರಕ್ಕೆ ತಿಂಗಳುಗಳು ಬೇಕು. ಹಸಿ ಮರದಲ್ಲಿ ಮಾಡಿದ ಬಾಗಿಲು ಚೌಕಟ್ಟಿಗೆ ಕೂರದೆ ಕಿರುಗುಟ್ಟುವಾಗ ಬಡಗಿ ‘ಮರ ಇನ್ನೂ ಹಸಿ ಇತ್ತು’ ಅನ್ನುತ್ತಾನಲ್ಲ, ಅವನು ದೂರುತ್ತಿರುವುದು ಮಳೆಯನ್ನಲ್ಲ, ನಮ್ಮ ಅವಸರವನ್ನು.

ಹಾಗಾದರೆ ಈ ಎಲ್ಲ ಹಸಿಗಳಿಗೂ ಸಾಮಾನ್ಯವಾದದ್ದು ಏನು? ನನ್ನ ಮಟ್ಟಿಗೆ ಉತ್ತರ ಇದು: ಒಂದು ವಸ್ತುವಿಗೆ ಆಗಬೇಕಾದ ಬದಲಾವಣೆ ಇನ್ನೂ ಆಗಿಲ್ಲ. ಹಸಿ ಎನ್ನುವುದು ಗುಣವಾಚಕದ ವೇಷದಲ್ಲಿರುವ ಒಂದು ‘ಇನ್ನೂ’. ಒಣಗಬೇಕಾದ್ದು ಒಣಗಿಲ್ಲ, ಬೇಯಬೇಕಾದ್ದು ಬೆಂದಿಲ್ಲ, ಸುಡಬೇಕಾದ್ದು ಸುಟ್ಟಿಲ್ಲ, ಮಾಯಬೇಕಾದ್ದು ಮಾಯ್ದಿಲ್ಲ. ಮುಂದೆ ಏನೂ ಆಗಬೇಕಿಲ್ಲದ ವಸ್ತುವಿಗೆ ಈ ಪದ ಅಂಟುವುದೇ ಇಲ್ಲ. ಹಸಿ ಕಲ್ಲು, ಹಸಿ ಗಾಜು, ಹಸಿ ಚಿನ್ನ ಎಂದು ಹೇಳಿ ನೋಡಿ, ಕಿವಿ ಒಪ್ಪುವುದಿಲ್ಲ. ನದಿಯಿಂದ ಎತ್ತಿದ ಕಲ್ಲು ತೊಟ್ಟಿಕ್ಕುತ್ತಿದ್ದರೂ ಅದು ಒದ್ದೆ ಕಲ್ಲು, ಅಷ್ಟೇ.

ಸಿಮೆಂಟ್ ಗೋಡೆಯ ವಿಷಯದಲ್ಲಿ ಇದೊಂದು ತಮಾಷೆಯೂ ಆಗುತ್ತದೆ. ‘ಗೋಡೆ ಇನ್ನೂ ಹಸಿ ಇದೆ, ಒರಗಬೇಡ’ ಅನ್ನುತ್ತೇವೆ, ಅನ್ನುತ್ತಲೇ ಅದಕ್ಕೆ ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತೇವೆ. ಹಸಿತನ ಹೋಗಲೆಂದು ನೀರು ಹಾಕುವುದು! ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದಕ್ಕೇ ಕಾಂಕ್ರೀಟಿನ ಬಲವನ್ನು 28 ದಿನಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಅಲ್ಲಿ ‘ಹಸಿ’ ಎಂದರೆ ಇನ್ನೂ ಕಚ್ಚಿಕೊಂಡಿಲ್ಲ ಎಂದು. ನೀರಿನ ಲೆಕ್ಕವೇ ಬೇರೆ.

ಇಲ್ಲಿಂದ ಲಾಕ್ಷಣಿಕ ಅರ್ಥಕ್ಕೆ, ಅಂದರೆ ಹೋಲಿಕೆಯಿಂದ ಹುಟ್ಟುವ ಅರ್ಥಕ್ಕೆ, ದಾಟಲು ದೊಡ್ಡ ಸೇತುವೆ ಬೇಕಿಲ್ಲ. ನಡುವೆ ಮೈ ಇದೆ. ಹಸಿ ಗಾಯ ಎಂದರೆ ಅಕ್ಷರಶಃ ಹಸಿ, ತೇವವೂ ಇದೆ, ಮಾಯ್ದೂ ಇಲ್ಲ. ಹಸಿ ಬಾಣಂತಿ ಎನ್ನುವಲ್ಲಿ ಅರ್ಧ ಅಕ್ಷರಶಃ, ಅರ್ಧ ಲಾಕ್ಷಣಿಕ: ಹೆತ್ತ ಮೈ ಇನ್ನೂ ತನ್ನ ಸ್ಥಿತಿಗೆ ಮರಳಿಲ್ಲ, ನೋವು ಆರಿಲ್ಲ. ಹಸುಗೂಸು, ಹಸುಳೆ ಎನ್ನುವಲ್ಲಿ ತೇವದ ಸುಳಿವೇ ಇಲ್ಲ, ಎಳತನ ಮಾತ್ರ ಉಳಿದಿದೆ. (‘ಹಸುಗೂಸು’ ಹಸುವಿನ ಕೂಸಲ್ಲ ಎಂದು ಮಗಳಿಗೆ ಹೇಳಿಬಿಡಿ. ಈ ಅನುಮಾನ ಬರದ ಮಗುವನ್ನು ನಾನು ಕಂಡಿಲ್ಲ.)

ಗಾಯದಿಂದ ನೆನಪಿಗೆ ಒಂದೇ ಹೆಜ್ಜೆ. ‘ಆ ದಿನದ ನೆನಪು ಇನ್ನೂ ಹಸಿಯಾಗಿದೆ’ ಎನ್ನುತ್ತೇವೆ, ‘ಆ ದಿನದ ನೆನಪು ಇನ್ನೂ ಹಸಿರಾಗಿದೆ’ ಎಂದೂ ಎನ್ನುತ್ತೇವೆ. ಒಂದು ‘ರು’ ಕಾರದ ವ್ಯತ್ಯಾಸ. ಆದರೆ ನುಡಿಬಲ್ಲವರು ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಶಾಲೆಯ ದಿನಗಳು, ಗೆಳೆಯರ ಜೊತೆಗಿನ ಪ್ರವಾಸ ಹಸಿರಾಗಿರುತ್ತವೆ, ಬಾಡಿಲ್ಲ ಎಂದು. ಸಾವು, ಅವಮಾನ, ಅಪಘಾತ ಹಸಿಯಾಗಿರುತ್ತವೆ, ಮಾಯ್ದಿಲ್ಲ ಎಂದು. ಒಂದರ ಹಿಂದೆ ಗಿಡವಿದೆ, ಇನ್ನೊಂದರ ಹಿಂದೆ ಗಾಯ. ಮದುವೆಯ ವಾರ್ಷಿಕೋತ್ಸವದ ಶುಭಾಶಯದಲ್ಲಿ ‘ನಿಮ್ಮ ಮದುವೆಯ ನೆನಪು ನನ್ನಲ್ಲಿ ಇನ್ನೂ ಹಸಿಹಸಿಯಾಗಿದೆ’ ಎಂದು ಬರೆದಿದ್ದನ್ನು ಒಮ್ಮೆ ಓದಿದೆ. ಬರೆದವರು ಪಾಪ, ಪ್ರೀತಿಯಿಂದಲೇ ಬರೆದಿದ್ದರು.

‘ಹಸಿ ಗೋಡೆಯಲ್ಲಿ ಹರಳು ನೆಟ್ಟಂತೆ’ ಎಂಬ ಮಾತನ್ನು ನಿಮ್ಮ ಮಗಳು ಕೇಳಿರಬಹುದು. ಮಣ್ಣಿನ ಗೋಡೆ ಹಸಿಯಾಗಿದ್ದಾಗ ಒತ್ತಿದ ಹರಳು ಗೋಡೆ ಒಣಗಿದ ಮೇಲೆ ಕೀಳಲು ಬರುವುದಿಲ್ಲ, ಎಳೆಯ ಮನಸ್ಸಿಗೆ ಬಿದ್ದದ್ದೂ ಹಾಗೆ. ಇಲ್ಲಿ ಹಸಿತನ ಒಂದು ಅವಕಾಶ. ಬಾಗಿಲಿನ ಮರದಲ್ಲಿ ದೋಷವಾಗಿದ್ದದ್ದು ಗೋಡೆಯಲ್ಲಿ ಗುಣವಾಯಿತು. ಹಾಗೆಂದು ಅನುಭವವಿಲ್ಲದ ಹುಡುಗನನ್ನು ‘ಹಸಿ ಹುಡುಗ’ ಎಂದರೆ ಕನ್ನಡವಾಗದು. ಅದಕ್ಕೆ ನಮ್ಮಲ್ಲಿ ‘ಎಳಸು’ ಇದೆ. ಬೈಯಲಿಕ್ಕೂ ಅದೇ ಚೆನ್ನ.

ಈಗ ಸುಳ್ಳಿಗೆ ಬರೋಣ. ಹಸಿ ಸುಳ್ಳು ಎಂದರೆ ದೊಡ್ಡ ಸುಳ್ಳು, ಅಪ್ಪಟ ಸುಳ್ಳು ಎಂದು ಅರ್ಥ ಬರೆದು ಮುಂದೆ ಹೋಗುವುದು ರೂಢಿ. ನನಗೆ ಅದು ಸಾಲದು. ಸುಳ್ಳಿನ ಗಾತ್ರಕ್ಕೂ ಹಸಿತನಕ್ಕೂ ಸಂಬಂಧವಿಲ್ಲ. ಗೋಡೆಯ ಮೇಲೆಲ್ಲ ನೀಲಿ ಗೀಟುಗಳು. ಮಗುವಿನ ಬಲಗೈಯಲ್ಲಿ ನೀಲಿ ಕ್ರೇಯಾನ್, ಕೆನ್ನೆಯ ಮೇಲೂ ಒಂದು ನೀಲಿ ಬರೆ. ‘ಯಾರು ಗೀಚಿದ್ದು?’ ಅಂದರೆ, ಕಣ್ಣು ಮಿಟುಕಿಸದೆ ‘ನಾನಲ್ಲ’. ಸುಳ್ಳು ಎಷ್ಟು ದೊಡ್ಡದು? ಎರಡು ಅಂಗುಲವೂ ಇಲ್ಲ. ಆದರೆ ಹಸಿ ಸುಳ್ಳು ಎಂದರೆ ಇದೇ. ಇದಕ್ಕೆ ಪ್ರತಿಯಾಗಿ, ಒಬ್ಬ ವರ್ಷಗಟ್ಟಲೆ ಸುಳ್ಳು ದಾಖಲೆ ಸೃಷ್ಟಿಸಿ, ಸಾಕ್ಷಿಗಳನ್ನು ಹೊಂದಿಸಿ, ದಿನಾಂಕಗಳನ್ನು ತಾಳೆ ಮಾಡಿ ಕಟ್ಟಿದ ಸುಳ್ಳು ಬಹಳ ದೊಡ್ಡದು. ಅದನ್ನು ಹಸಿ ಸುಳ್ಳು ಎನ್ನಲು ನಾಲಿಗೆ ತುಸು ಹಿಂಜರಿಯುತ್ತದೆ. ಅದು ಚೆನ್ನಾಗಿ ಬೆಂದ ಸುಳ್ಳು.

ಅಂದರೆ ಸುಳ್ಳಿಗೂ ಒಂದು ಅಡುಗೆ ಇದೆ. ನಂಬಿಸಬೇಕಾದರೆ ಅದನ್ನು ಬೇಯಿಸಬೇಕು, ಸ್ವಲ್ಪ ನಿಜ ಬೆರೆಸಬೇಕು, ಕಾರಣ ಹೊಂದಿಸಬೇಕು. ಅದ್ಯಾವುದನ್ನೂ ಮಾಡದೆ, ಸುಳ್ಳನ್ನು ಇದ್ದ ಹಾಗೇ ಎದುರಿಗೆ ಇಟ್ಟರೆ ಅದು ಹಸಿ. ಕೇಳಿದವನಿಗೆ ತಕ್ಷಣ ಗೊತ್ತಾಗುತ್ತದೆ, ಹೇಳಿದವನಿಗೆ ಅದರ ಪರಿವೆ ಇಲ್ಲ. ಸಿಟ್ಟು ಬರುವುದೂ ಅದಕ್ಕೇ. ನಮ್ಮನ್ನು ಮೋಸ ಮಾಡಲು ಅವನು ಶ್ರಮ ಕೂಡ ಪಡಲಿಲ್ಲವಲ್ಲ! ‘ಶುದ್ಧ ಸುಳ್ಳು’ ಇದಕ್ಕಿಂತ ಬೇರೆ. ಅದರಲ್ಲಿ ಒಂದು ಚೂರೂ ನಿಜ ಬೆರೆತಿಲ್ಲ ಎಂದಷ್ಟೇ, ಹೇಳಿದವನ ಮುಖದ ಬಗ್ಗೆ ಅದು ಮಾತಾಡುವುದಿಲ್ಲ. ಪತ್ರಿಕೆಗಳು ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತವೆ. ಪಠ್ಯ ತಿದ್ದುವಾಗ ನಾನು ಸಾಧ್ಯವಾದಷ್ಟು ಬೇರೆಯಾಗಿಡುತ್ತೇನೆ.

ಇದು ಕನ್ನಡವೊಂದರ ಕಲ್ಪನೆಯಲ್ಲ ಎನ್ನುವುದು ಇನ್ನೂ ಸ್ವಾರಸ್ಯ. ತೆಲುಗಿನವರು ‘ಪಚ್ಚಿ ಅಬದ್ಧಂ’ ಅನ್ನುತ್ತಾರೆ, ತಮಿಳರು ‘ಪಚ್ಚೈ ಪೊಯ್’, ಮಲಯಾಳಿಗಳು ‘ಪಚ್ಚ ಕಳ್ಳಂ’. ಎಲ್ಲವೂ ಹಸಿ ಸುಳ್ಳುಗಳೇ. ಹೆತ್ತ ಹೊಸದರ ಹೆಂಗಸನ್ನೂ ತೆಲುಗಿನವರು ‘ಪಚ್ಚಿ ಬಾಲಿಂತ’ ಎನ್ನುತ್ತಾರೆ. ನಾಲ್ಕು ಭಾಷೆಗಳು ಒಂದೇ ಸುಳ್ಳನ್ನು ಒಂದೇ ಪದದಿಂದ ಹಿಡಿದಿವೆ.

‘ಹಸಿಹಸಿ’ ಎಂದು ಎರಡು ಸಲ ಹೇಳಿದರೆ ಇದೇ ಅರ್ಥ ಮಾತಿನ ರೀತಿಗೂ ಹರಡುತ್ತದೆ. ಹಸಿಹಸಿಯಾಗಿ ಹೇಳಿದ ಎಂದರೆ ಮುಚ್ಚುಮರೆ ಇಲ್ಲದೆ, ನಯ ಮಾಡದೆ ಹೇಳಿದ ಎಂದು. ‘ಹಸಿಬಿಸಿ’ಯ ಕಥೆ ಬೇರೆ. ಪದ ಬಿಡಿಸಿದರೆ ಅರ್ಧ ಹಸಿ, ಅರ್ಧ ಬಿಸಿ, ಅಂದರೆ ಸರಿಯಾಗಿ ಬೇಯದ್ದು. ಅವಸರದ ಅಡುಗೆಗೂ ಅರೆಬರೆ ಕೆಲಸಕ್ಕೂ ಒಪ್ಪುತ್ತದೆ. ಆದರೆ ಸಿನಿಮಾ ಪುಟಗಳು ಅದನ್ನು ಶೃಂಗಾರದ ದೃಶ್ಯಗಳಿಗೆ ಎತ್ತಿಕೊಂಡು ಹೋದವು. ಈಗ ‘ಹಸಿಬಿಸಿ’ ಎಂದರೆ ಓದುಗರ ಮನಸ್ಸು ಪಾತ್ರೆಯ ಕಡೆ ಹೋಗುವುದಿಲ್ಲ.

ವಿಮರ್ಶೆಯ ಭಾಷೆಯಲ್ಲಿ ಈ ಪದಕ್ಕೆ ಎರಡು ನಾಲಿಗೆ. ಕಾವ್ಯದ ಬಗ್ಗೆ ನಮ್ಮ ಹಿರಿಯರು ಮಾತಾಡುತ್ತಿದ್ದುದೇ ಪಾಕದ, ಅಂದರೆ ಮಾಗುವಿಕೆಯ ಲೆಕ್ಕದಲ್ಲಿ: ದ್ರಾಕ್ಷಿಯಂತೆ ಸುಲಭವಾಗಿ ಸವಿಯಬಹುದಾದದ್ದು ದ್ರಾಕ್ಷಾಪಾಕ, ತೆಂಗಿನಕಾಯಿಯಂತೆ ಒಡೆದು ಸವಿಯಬೇಕಾದದ್ದು ನಾರಿಕೇಳಪಾಕ. ಪಾಕವಾಗುವುದೇ ಗುರಿಯಾದಾಗ ‘ಅನುಭವ ಇನ್ನೂ ಹಸಿಯಾಗಿದೆ’ ಎಂದರೆ ತೆಗಳಿಕೆ. ಈಗಿನ ವಿಮರ್ಶಕರು ‘ಹಸಿಹಸಿಯಾದ ಬದುಕು’ ಎಂದು ಬರೆದರೆ ಅದು ಹೊಗಳಿಕೆ, ಪಾಲಿಶ್ ಮಾಡಿಲ್ಲ, ಸುಳ್ಳಾಗಿಲ್ಲ ಎಂದು. ಹಸಿ ಸುಳ್ಳು ಅತ್ಯಂತ ಕೆಟ್ಟ ಸುಳ್ಳು, ಹಸಿ ಬರವಣಿಗೆ ಅತ್ಯಂತ ನಿಜ. ಎರಡರಲ್ಲೂ ಹಸಿ ಮಾಡುವ ಕೆಲಸ ಮಾತ್ರ ಒಂದೇ, ಬೇಯಿಸಿಲ್ಲ ಎಂದು ಹೇಳುವುದು.

ಟೀಚರ್ ಬರೆದ ‘ಒಣ’ದ ಮೇಲೂ ಒಂದು ಮಾತು. ಅಕ್ಷರಾರ್ಥದಲ್ಲಿ ಹಸಿ–ಒಣ ಒಳ್ಳೆಯ ಜೋಡಿ: ಹಸಿ ಮೆಣಸಿನಕಾಯಿ, ಒಣ ಮೆಣಸಿನಕಾಯಿ, ಹಸಿ ಹುಲ್ಲು, ಒಣ ಹುಲ್ಲು, ಹಸಿ ಕಸ, ಒಣ ಕಸ. ಲಾಕ್ಷಣಿಕಕ್ಕೆ ಬಂದ ಕೂಡಲೇ ಜೋಡಿ ಮುರಿದು ಬೀಳುತ್ತದೆ. ಒಣ ಜಂಭ ಇದೆ, ಹಸಿ ಜಂಭ ಇಲ್ಲ. ಒಣ ವೇದಾಂತ, ಒಣ ಪ್ರತಿಷ್ಠೆ, ಒಣ ಹರಟೆ ಇವೆ. ಅವಕ್ಕೆ ಹಸಿ ಜೊತೆಗಾರರಿಲ್ಲ. ಹಸಿ ಸುಳ್ಳು ಇದೆ, ಒಣ ಸುಳ್ಳು ಇಲ್ಲ. ‘ಒಣ’ ಲಾಕ್ಷಣಿಕವಾಗಿ ಹೋದದ್ದು ಸತ್ವವಿಲ್ಲದ, ಒಳಗೆ ಏನೂ ಇಲ್ಲದ ಎಂಬ ಕಡೆಗೆ. ‘ಹಸಿ’ ಹೋದದ್ದು ಸಂಸ್ಕಾರವಾಗದ ಎಂಬ ಕಡೆಗೆ. ಒಂದೇ ಅಂಗಳದಿಂದ ಹೊರಟ ಇಬ್ಬರು ಬೇರೆ ಬೇರೆ ದಾರಿ ಹಿಡಿದಂತೆ.

‘ಕಚ್ಚಾ’ ಎಂಬ ಇನ್ನೊಂದು ಪದ ಉತ್ತರ ಭಾರತದ ಕಡೆಯಿಂದ ಬಂದು ಹಸಿಯ ಜೊತೆ ಕೆಲಸ ಹಂಚಿಕೊಂಡಿದೆ. ಕಾರ್ಖಾನೆ, ಕಚೇರಿ, ರಸ್ತೆಗಳೆಲ್ಲ ಕಚ್ಚಾದ ಪಾಲು: ಕಚ್ಚಾ ವಸ್ತು, ಕಚ್ಚಾ ಪ್ರತಿ, ಕಚ್ಚಾ ರಸ್ತೆ. ಅಡುಗೆಮನೆ, ಹೊಲ, ಮೈ ಹಸಿಯ ಪಾಲು. ಹಸಿ ಎಣ್ಣೆ ಎಂದರೆ ಕಾಯಿಸದೆ ಮೇಲಿಂದ ಹಾಕಿದ ಎಣ್ಣೆ, ಕಚ್ಚಾ ಎಣ್ಣೆ ಎಂದರೆ ಭೂಮಿಯಿಂದ ತೆಗೆದು ಇನ್ನೂ ಶುದ್ಧೀಕರಿಸದ ಪೆಟ್ರೋಲಿಯಂ. ಅದಲುಬದಲಾದರೆ ಊಟ ಕೆಡುತ್ತದೆ. ಕಚ್ಚಾದ ಜೋಡಿ ‘ಪಕ್ಕಾ’ ಬಂದದ್ದು ಸಂಸ್ಕೃತದ ‘ಪಕ್ವ’ದಿಂದ, ಅಂದರೆ ಬೆಂದದ್ದು, ಮಾಗಿದ್ದು. ಹಾಗಾಗಿ ‘ಪಕ್ಕಾ ಸುಳ್ಳುಗಾರ’ ಎಂದರೆ ಪೂರ್ತಿ ಬೆಂದ ಸುಳ್ಳುಗಾರ. ಹಸಿ ಸುಳ್ಳು ಹೇಳಿ ಸಿಕ್ಕಿಬೀಳುವವನು ಇನ್ನೂ ಪಕ್ಕಾ ಆಗಿಲ್ಲ ಎಂದೇ ಲೆಕ್ಕ!

ಉಳಿದದ್ದು ನೆಂಟಸ್ತಿಕೆಯ ಪ್ರಶ್ನೆ. ಹಳಗನ್ನಡದಲ್ಲಿ ಈ ಪದ ‘ಪಸಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಸಿ ಹಸಿಯಾಯಿತು. ಹಸಿರು ಇದರದೇ ಮನೆಯದು, ಹಳೆಯ ರೂಪ ‘ಪಸುರ್’. ತಮಿಳಿನ ‘ಪಚ್ಚೈ’, ತುಳುವಿನ ‘ಪಜಿ’ ಕೂಡ ಅದೇ ಬಳಗ, ತಮಿಳಿನಲ್ಲಂತೂ ಹಸಿಗೂ ಹಸಿರಿಗೂ ಒಂದೇ ಪದ. ಪಚ್ಚೆಕಲ್ಲಿನ ಪಚ್ಚೆ, ‘ಹಚ್ಚಹಸಿರು’ ಎನ್ನುವಲ್ಲಿನ ಹಚ್ಚ, ಚರ್ಮದ ಮೇಲೆ ಹಸಿರಾಗಿ ಉಳಿಯುವ ಹಚ್ಚೆ, ಇವೂ ಇದೇ ಕುಟುಂಬ. ತಮಿಳಿನಲ್ಲಿ ಹಚ್ಚೆ ಹಾಕುವುದಕ್ಕೆ ‘ಪಚ್ಚೈ ಕುತ್ತು’ ಎಂದೇ ಹೆಸರು. ಜೀವಂತ ಗಿಡ ಒಣಗುವ ಮುನ್ನ ತೋರುವ ಬಣ್ಣ ಹಸಿರು. ಹಸಿ ಎಂಬ ಸ್ಥಿತಿ, ಹಸಿರು ಎಂಬ ಬಣ್ಣ ಹೀಗೆ ಒಂದೇ ಬೇರಿನವಾದವು.

ಹಸು ಮಾತ್ರ ಹೊರಗಿನವಳು. ಸಂಸ್ಕೃತದ ‘ಪಶು’ ಪಸುವಾಗಿ, ಆಮೇಲೆ ಹಸುವಾಯಿತು. ನೆಂಟಸ್ತಿಕೆ ಇಲ್ಲ, ಅಕ್ಷರ ಹೋಲುತ್ತದೆ ಅಷ್ಟೇ.

ಹಸಿವು ಎಲ್ಲರನ್ನೂ ಎಡವಿಸುವ ಜಾಗ. ಬೇಯಿಸಿದ್ದು ಸಿಗದ ಹೊಟ್ಟೆ ಹಸಿ, ಆದ್ದರಿಂದ ಹಸಿವು ಎಂದು ವಿವರಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ, ಅಷ್ಟೇ. ತಮಿಳಿನಲ್ಲಿ ಹಸಿವು ‘ಪಸಿ’, ಹಸಿರಿನ ಕಡೆಯ ಪದಗಳು ‘ಪಸು’, ‘ಪಚ್ಚೈ’ ಎಂದು ಬೇರೆಯಾಗಿಯೇ ನಿಂತಿವೆ. ಕನ್ನಡದಲ್ಲಿ ಎರಡೂ ಒಂದೇ ಆಕಾರಕ್ಕೆ ಬಂದು ಕೂತವು. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ (ದ್ರಾವಿಡ ಭಾಷೆಗಳ ಪದಮೂಲ ತಿಳಿಸುವ ನಿಘಂಟು) ಕೂಡ ಇವುಗಳಿಗೆ ಬೇರೆ ಬೇರೆ ಜಾಗ ಕೊಟ್ಟಿದೆ. ಬಳಕೆಯಲ್ಲೂ ನೋಡಿ: ಹಸಿವಿನ ‘ಹಸಿ’ ಕ್ರಿಯಾಪದ, ಹಸಿಯುತ್ತದೆ, ಹಸಿಯಿತು, ಹಸಿದ. ನಮ್ಮ ‘ಹಸಿ’ ಹೀಗೆ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ಹಸಿದ ಹುಲಿ’ಯಲ್ಲಿ ಒಂದು ‘ದ’ ತೆಗೆದುಬಿಟ್ಟರೆ ಉಳಿಯುವುದು ಬೇಯಿಸದ ಹುಲಿ.

ಮಗಳ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಶಾಲೆಗೆ ಹೋಗಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೋಗಿ. ಜಗಳಕ್ಕಲ್ಲ. ಬಿಸಿಲಲ್ಲಿ ಒಣಗಿದ ಹಸಿ ಇಟ್ಟಿಗೆಯ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಟೀಚರಿಗೆ ತೋರಿಸಿ, ಇದರಲ್ಲಿ ಹಸಿಗೆ ವಿರುದ್ಧ ಪದ ಯಾವುದು ಎಂದು ಕೇಳಿ. ಮುಂದಿನ ಸಲ ಅವರು ‘ಹಸಿ ಹಾಲು’, ‘ಹಸಿ ಕಟ್ಟಿಗೆ’ ಎಂದು ಎರಡು ಪದ ಕೊಟ್ಟು ಕೇಳಿದರೆ ತರಗತಿಯ ಇತರ ಮಕ್ಕಳಿಗೂ ಲಾಭ.